ತಯಾರಿಸಿದವರು ಕೈಬಿಟ್ಟ ಮೇಲೆ



ಸಾಹಿತ್ಯ, ಶಾಸನ, ಜಾನಪದಗಳ ಬಗ್ಗೆ ವಿದ್ವಾಂಸರು ಮಾತಾಡುವ ದತ್ತಿ ಉಪನ್ಯಾಸದ ವೇದಿಕೆ ಇದು. ಈ ಸಲ ತಂತ್ರಾಂಶ, ಗ್ಯಾಜೆಟ್ಟು, ಕಂಪ್ಯೂಟರ್ ಆಟಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕನಲ್ಲ, ಸಾಫ್ಟ್‌ವೇರ್ ಕಂಪನಿಯಲ್ಲಿ ಇರುವವನೂ ಅಲ್ಲ. ಹಗಲು ಲೆಕ್ಕಪತ್ರದ ಕೆಲಸ. ಸಂಜೆ ಮತ್ತು ಭಾನುವಾರ ಹಳೆಯ ರೌಟರು, ಲ್ಯಾಪ್‌ಟಾಪು, ಹಾಡು ಕೇಳುವ ಪುಟ್ಟ ಪ್ಲೇಯರುಗಳನ್ನು ಬಿಚ್ಚಿ ನೋಡುವ ಹವ್ಯಾಸ. ಹವ್ಯಾಸಿಗೆ ಯಾವ ಗಡುವೂ ಇಲ್ಲ. ಒಂದು ವಸ್ತುವಿನ ಮುಂದೆ ಬೇಕಾದಷ್ಟು ಹೊತ್ತು ಕೂತು, ಇದು ಹೀಗೇಕೆ ಇದೆ ಎಂದು ಕೇಳಿಕೊಳ್ಳಬಹುದು. ಹಾಗೆ ಕೂತಾಗ ಹೊಳೆದ ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ನನ್ನ ಪ್ರಶ್ನೆ ಇಷ್ಟೆ. ನಾವು ದುಡ್ಡು ಕೊಟ್ಟು ಮನೆಗೆ ತಂದ ವಸ್ತು ಎಷ್ಟು ವರ್ಷ ಬಾಳಬೇಕು ಎಂದು ತೀರ್ಮಾನಿಸುವವರು ಯಾರು? ಮರದ ಕುರ್ಚಿಯ ಕಾಲು ಮುರಿದರೆ ಬಡಗಿಯ ಹತ್ತಿರ ಒಯ್ಯುತ್ತೇವೆ. ಕುರ್ಚಿ ಮಾಡಿದವನೇ ಬರಬೇಕೆಂದು ಕಾಯುವುದಿಲ್ಲ. ಈಗಿನ ವಸ್ತುಗಳ ಕಥೆ ಬೇರೆ. ನಮ್ಮ ಮನೆಯ ಬಾಗಿಲಿಗೆ ಒಂದು ವೈಫೈ ಕ್ಯಾಮೆರಾ ಹಾಕಿಸಿದ್ದೆ. ಲೆನ್ಸು ಚೆನ್ನಾಗಿದೆ, ಕರೆಂಟು ಬರುತ್ತಿದೆ, ಹಸಿರು ದೀಪ ಉರಿಯುತ್ತಿದೆ. ಆದರೆ ಮಾರಿದ ಕಂಪನಿ ತನ್ನ ಸರ್ವರನ್ನು ನಿಲ್ಲಿಸಿತು. ಅಂದಿನಿಂದ ಆಪ್ ಲಾಗಿನ್ ಆಗುವುದಿಲ್ಲ, ಚಿತ್ರ ಬರುವುದಿಲ್ಲ. ಫೋನು ಮಾಡಿದರೆ, ಆ ಮಾಡೆಲ್‌ಗೆ ಸಪೋರ್ಟ್ ಮುಗಿದಿದೆ ಸರ್, ಹೊಸದು ತಗೊಳ್ಳಿ ಎಂಬ ಉತ್ತರ. ಕೆಟ್ಟಿಲ್ಲದ ವಸ್ತುವೊಂದು ಕೆಲಸಕ್ಕೆ ಬಾರದೆ ಹೋಯಿತು. ಅದರ ಒಳಗಿನ ತಂತ್ರಾಂಶ ನಮ್ಮ ಕಣ್ಣಿಗೆ ಬೀಳುವಂತಿದ್ದರೆ, ಸರ್ವರಿನ ವಿಳಾಸದ ಆ ಒಂದು ಸಾಲನ್ನು ಬದಲಿಸಿ ಚಿತ್ರವನ್ನು ಮನೆಯ ಕಂಪ್ಯೂಟರಿಗೇ ಕಳಿಸಿಕೊಳ್ಳಬಹುದಿತ್ತು.

ಇದಕ್ಕೆ ಎದುರಾದ ಇನ್ನೊಂದು ಪೆಟ್ಟಿಗೆಯ ಕಥೆ ಹೇಳುತ್ತೇನೆ. 2002ರ ಡಿಸೆಂಬರಿನಲ್ಲಿ ಲಿಂಕ್‌ಸಿಸ್ ಎಂಬ ಅಮೆರಿಕದ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ವೈಫೈ ರೌಟರನ್ನು ಮಾರುಕಟ್ಟೆಗೆ ತಂದಿತು. ನೀಲಿ ಕಪ್ಪು ಬಣ್ಣದ ಡಬ್ಬಿ, ಹಿಂದುಗಡೆ ಎರಡು ಆಂಟೆನಾ, ಒಳಗೆ 16 ಮೆಗಾಬೈಟ್ ರ‍್ಯಾಮ್, 4 ಮೆಗಾಬೈಟ್ ಫ್ಲ್ಯಾಶ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಆ ಫ್ಲ್ಯಾಶಿನಲ್ಲಿ ಹಿಡಿಸದೆ ಹೋಗಬಹುದು. 2003ರಲ್ಲಿ ಸಿಸ್ಕೊ ಲಿಂಕ್‌ಸಿಸ್ ಅನ್ನು ಕೊಂಡುಕೊಂಡಿತು. ಅದೇ ವರ್ಷ ಕುತೂಹಲಕ್ಕೆ ಇದರ ಫರ್ಮ್‌ವೇರನ್ನು ಜಾಲಾಡಿದವರಿಗೆ ಒಳಗಿರುವುದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಎಂದು ಗೊತ್ತಾಯಿತು. ಲಿನಕ್ಸ್ ಇರುವುದು ಜಿಪಿಎಲ್ ಎಂಬ ಲೈಸೆನ್ಸಿನ ಅಡಿಯಲ್ಲಿ. ಆ ಲೈಸೆನ್ಸು ಹಾಕುವ ಷರತ್ತು ಸ್ಪಷ್ಟ: ಇದನ್ನು ಯಾರು ಬೇಕಾದರೂ ಬಳಸಿ, ಮಾರಿ, ತಿದ್ದಿ. ಆದರೆ ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಅದರ ಸೋರ್ಸ್ ಕೋಡನ್ನೂ, ಅಂದರೆ ಮನುಷ್ಯರು ಓದಿ ತಿದ್ದಬಲ್ಲ ಮೂಲ ಬರಹವನ್ನೂ, ಇದೇ ಷರತ್ತಿನ ಮೇಲೆ ಕೊಡಬೇಕು. ಲಿಂಕ್‌ಸಿಸ್ ಅದನ್ನು ಕೊಟ್ಟಿರಲಿಲ್ಲ.

ವಿಚಾರಿಸುತ್ತ ಹೋದಂತೆ ಒಂದು ಸರಪಳಿಯೇ ಹೊರಬಿತ್ತು. ಲಿಂಕ್‌ಸಿಸ್ ರೌಟರನ್ನು ತಾನು ಮಾಡಿರಲಿಲ್ಲ, ತೈವಾನಿನ ಸೈಬರ್‌ಟ್ಯಾನ್ ಎಂಬ ಕಂಪನಿಯಿಂದ ಮಾಡಿಸಿತ್ತು. ಚಿಪ್ಪೂ ಅದರ ತಂತ್ರಾಂಶವೂ ಬ್ರಾಡ್‌ಕಾಮಿನದು. ಹೆಸರು ಹಾಕಿ ಮಾರುವವರಿಗೆ ಒಳಗೆ ಏನಿದೆ ಎಂಬ ಪೂರ್ತಿ ಅರಿವಿರಲಿಲ್ಲ. ಕೊನೆಗೆ ಒತ್ತಾಯ ಹೆಚ್ಚಾಗಿ 2003ರ ಮಧ್ಯದ ಹೊತ್ತಿಗೆ ಕಂಪನಿ ಸೋರ್ಸ್ ಕೋಡನ್ನು ಹೊರಗಿಟ್ಟಿತು. 2004ರ ಆರಂಭದಲ್ಲಿ ಅದನ್ನೇ ಆಧಾರ ಮಾಡಿಕೊಂಡು ಓಪನ್‌ಡಬ್ಲ್ಯುಆರ್‌ಟಿ ಎಂಬ ಸಮುದಾಯದ ಯೋಜನೆ ಹುಟ್ಟಿತು. ಮನೆಬಳಕೆಯ ಅಗ್ಗದ ಡಬ್ಬಿ ದೊಡ್ಡ ಆಫೀಸುಗಳ ದುಬಾರಿ ಯಂತ್ರಗಳು ಮಾಡುವ ಕೆಲಸಗಳನ್ನು ಮಾಡತೊಡಗಿತು. ಯಾವ ಫೋನಿಗೆ ಎಷ್ಟು ವೇಗ ಕೊಡಬೇಕು ಎಂದು ಗೊತ್ತುಪಡಿಸುವುದು, ಬೇರೆ ಊರಿನ ಮನೆಯ ಜಾಲಕ್ಕೆ ಗುಪ್ತ ದಾರಿ ಹಾಕುವುದು, ಅಕ್ಕಪಕ್ಕದ ಹತ್ತಾರು ರೌಟರುಗಳನ್ನು ಹೆಣೆದು ಒಂದು ಬೀದಿಗೇ ಜಾಲ ಕೊಡುವುದು, ಎಲ್ಲವೂ ಅದರಲ್ಲೇ ಸಾಧ್ಯವಾಯಿತು.

2005ರಲ್ಲಿ ಕಂಪನಿ ಇದೇ ಮಾಡೆಲಿನ ಹೊಸ ಆವೃತ್ತಿಯಲ್ಲಿ ರ‍್ಯಾಮನ್ನೂ ಫ್ಲ್ಯಾಶನ್ನೂ ಅರ್ಧಕ್ಕೆ ಇಳಿಸಿ, ಲಿನಕ್ಸ್ ತೆಗೆದು ಬೇರೊಂದು ಮುಚ್ಚಿದ ತಂತ್ರಾಂಶ ಹಾಕಿತು. ಗಿರಾಕಿಗಳು ಹಳೆಯದನ್ನೇ ಕೇಳಿದರು. ಕಂಪನಿ ಹಳೆಯ ಯಂತ್ರಾಂಶವನ್ನೇ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಹೆಸರಿನಲ್ಲಿ ಮತ್ತೆ ಮಾರಾಟಕ್ಕಿಟ್ಟಿತು, ಅದು ವರ್ಷಗಟ್ಟಲೆ ಮಾರಾಟವಾಯಿತು. ವಸ್ತುವಿನ ಆಯುಸ್ಸನ್ನು ಕೊಂಡವರು ನಿರ್ಧರಿಸಿದ ಅಪರೂಪದ ಪ್ರಸಂಗ ಇದು. ಓಪನ್‌ಡಬ್ಲ್ಯುಆರ್‌ಟಿ ಇವತ್ತು ನೂರಾರು ಬಗೆಯ ರೌಟರುಗಳಲ್ಲಿ ನಡೆಯುತ್ತದೆ. ತಯಾರಕರು ಭದ್ರತೆಯ ಅಪ್‌ಡೇಟ್ ನಿಲ್ಲಿಸಿದ ಎಷ್ಟೋ ಡಬ್ಬಿಗಳಿಗೆ ಅದೇ ದಿಕ್ಕು. ನನ್ನ ಮನೆಯಲ್ಲಿ ಈಗ ನಡೆಯುತ್ತಿರುವುದೂ ಅದೇ.

ಜಿಪಿಎಲ್ ಬರೆದ ರಿಚರ್ಡ್ ಸ್ಟಾಲ್‌ಮನ್ ಅವರ ಬಗ್ಗೆ ಎರಡು ಮಾತು. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಅವರಿದ್ದಾಗ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಂಪ್ಯೂಟರಿನ ಮುಂದಿದ್ದವರಿಗೆ ಸುದ್ದಿ ಬರುವಂತೆ ಮಾಡಿದ್ದರು. ಆಮೇಲೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದರ ಸೋರ್ಸ್ ಕೋಡ್ ಕೊಡಲಿಲ್ಲ. ಕೋಡ್ ಇದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದರೆ, ಕೊಡುವುದಿಲ್ಲವೆಂದು ಕರಾರು ಬರೆದುಕೊಟ್ಟಿದ್ದೇನೆ ಎಂದರು. ಕಾಗದ ಸಿಕ್ಕಿಕೊಳ್ಳುವಷ್ಟು ಸಣ್ಣ ತೊಂದರೆ. ಆದರೆ ತನ್ನ ಎದುರಿಗಿರುವ ಯಂತ್ರವನ್ನು ತಾನು ಸರಿಮಾಡಬಲ್ಲೆ, ಸರಿಮಾಡಲು ಬಿಡುತ್ತಿಲ್ಲ ಎಂಬುದು ಅವರಿಗೆ ನೀತಿಯ ಪ್ರಶ್ನೆಯಾಗಿ ಕಂಡಿತು. 1983ರಲ್ಲಿ ಎಲ್ಲರೂ ತಿದ್ದಬಲ್ಲ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಪ್ರಕಟಿಸಿದರು, 1985ರಲ್ಲಿ ಮುಕ್ತ ತಂತ್ರಾಂಶ ಪ್ರತಿಷ್ಠಾನ ಸ್ಥಾಪಿಸಿದರು, 1989ರಲ್ಲಿ ಜಿಪಿಎಲ್‌ನ ಮೊದಲ ಆವೃತ್ತಿ ಬಂತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಬರೆದ ಲಿನಕ್ಸ್ ಕರ್ನೆಲ್, ಅಂದರೆ ಆ ವ್ಯವಸ್ಥೆಯ ತಿರುಳು, ಮರುವರ್ಷ ಅದೇ ಲೈಸೆನ್ಸಿನ ಕೆಳಗೆ ಸೇರಿತು.

ಈ ಲೈಸೆನ್ಸನ್ನು ವಿವರಿಸಲು ಈ ಸಭೆಯಲ್ಲಿ ದೂರ ಹೋಗಬೇಕಿಲ್ಲ. ದತ್ತಿ ಇಟ್ಟವರು ಅಸಲನ್ನು ಮುಟ್ಟಬಾರದು, ಬಡ್ಡಿಯಲ್ಲಿ ಕಾರ್ಯಕ್ರಮ ನಡೆಯಬೇಕು ಎಂದು ಬರೆದಿಟ್ಟಿರುತ್ತಾರೆ. ಪದಾಧಿಕಾರಿಗಳು ಬದಲಾಗುತ್ತಾರೆ, ಷರತ್ತು ಬದಲಾಗುವುದಿಲ್ಲ. ಜಿಪಿಎಲ್ ಕೂಡ ಹಾಗೆಯೇ ತನ್ನ ಅಸಲನ್ನು ಕಾಯುತ್ತದೆ. ಸೋರ್ಸ್ ಕೋಡ್ ಯಾರ ಕೈಗೆ ಹೋದರೂ ಅವರು ಅದನ್ನು ನುಂಗಿ ಬಾಗಿಲು ಹಾಕಿಕೊಳ್ಳುವಂತಿಲ್ಲ. ಉಚಿತ ಎಂಬುದು ಇದರ ಜೊತೆಗೆ ಬಂದ ಅನುಕೂಲ, ಅಷ್ಟೆ. ಬಿಟ್ಟಿ ಸಿಗುತ್ತದೆ ಎಂದು ಲಿನಕ್ಸ್ ಹಾಕಿಸಿಕೊಂಡವರು ಮೊದಲ ತೊಂದರೆಗೇ ಬಿಟ್ಟು ಹೋಗುತ್ತಾರೆ. ತಿದ್ದುವ ಹಕ್ಕು ನಮ್ಮದು ಎಂದು ತಿಳಿದು ಹಾಕಿಸಿಕೊಂಡವರು ಉಳಿಯುತ್ತಾರೆ.

ನಮ್ಮಲ್ಲಿ ಲಿನಕ್ಸ್ ಹರಡಿದ ಬಗೆಯೂ ನೆನಪಿಡುವಂಥದ್ದು. ಇಂಟರ್ನೆಟ್ಟು ನಿಮಿಷದ ಲೆಕ್ಕದಲ್ಲಿ ದುಬಾರಿಯಾಗಿದ್ದ ಕಾಲದಲ್ಲಿ, 1996ರಿಂದ, ಪಿಸಿ ಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿಗಳನ್ನು ಸಂಚಿಕೆಯ ಜೊತೆ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಅವರೇ ಮುಂದೆ ನಿಂತು 2001ರಲ್ಲಿ ಲಿನಕ್ಸ್ ಬೆಂಗಳೂರು ಸಮಾವೇಶ ನಡೆಸಿದರು. ಅದೇ ಮುಂದೆ ಫಾಸ್ ಡಾಟ್ ಇನ್ ಆಯಿತು. ಒಂದು ಸಿಡಿ ಹತ್ತು ಮನೆ ಸುತ್ತಿ ಗೀರು ಬೀಳುವವರೆಗೂ ಓಡುತ್ತಿತ್ತು. ಇನ್ನೊಬ್ಬರಿಗೆ ಕಾಪಿ ಮಾಡಿಕೊಡುವುದು ಕಾನೂನುಬದ್ಧವಾಗಿದ್ದ ಸಿಡಿ ಅದು.

ಆಟಗಳಿಗೆ ಬರುತ್ತೇನೆ. ಇಲ್ಲಿ ಕುಳಿತ ಹಿರಿಯರಲ್ಲಿ ಕೆಲವರಿಗೆ ಆಟದ ಮಾತು ಹಗುರವೆನಿಸಬಹುದು. ನನಗೆ ಹಾಗನ್ನಿಸಿಲ್ಲ. ಒಂದು ಯಂತ್ರದಿಂದ ಏನೆಲ್ಲ ಹೊರಡಿಸಬಹುದು ಎಂಬ ಕೊನೆಯ ಅಂಚನ್ನು ಮುಟ್ಟಿದವರು ಆಟ ಬರೆದವರೇ. 1993ರ ಡಿಸೆಂಬರ್ 10ರಂದು ಐಡಿ ಸಾಫ್ಟ್‌ವೇರ್ ಎಂಬ ಪುಟ್ಟ ತಂಡ ಡೂಮ್ ಆಟವನ್ನು ಬಿಡುಗಡೆ ಮಾಡಿತು. ಕೋಣೆ ಕೋಣೆ ದಾಟಿ ರಾಕ್ಷಸರನ್ನು ಹೊಡೆಯುವ ಆಟ. ಆಗಿನ ಸಾಧಾರಣ ಕಂಪ್ಯೂಟರಿನಲ್ಲಿ ಅಷ್ಟು ಆಳದ ಕೋಣೆಗಳು ಅಷ್ಟು ವೇಗವಾಗಿ ಓಡುವುದನ್ನು ಯಾರೂ ಕಂಡಿರಲಿಲ್ಲ.

ಹೇಗೆ ಓಡಿಸಿದರು? ಕೋಡ್ ತೆರೆದು ನೋಡಿದರೆ ಉತ್ತರ ಅಲ್ಲೇ ಇದೆ. ಡೂಮ್‌ನ ಲೋಕ ನಿಜಕ್ಕೂ ಮನೆಯ ನೀಲನಕ್ಷೆಯಂತೆ ಸಪಾಟು. ಗೋಡೆಗಳು ಬರೀ ಗೆರೆಗಳು, ಪ್ರತಿ ಕೋಣೆಗೆ ನೆಲದ ಎತ್ತರ ಒಂದು ಸಂಖ್ಯೆ, ಛಾವಣಿಯ ಎತ್ತರ ಇನ್ನೊಂದು ಸಂಖ್ಯೆ. ಹಾಗಾಗಿ ಆ ಆಟದಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಎಲ್ಲಿಯೂ ಇಲ್ಲ, ಮಹಡಿ ಮನೆ ಕಟ್ಟಲು ಬರುವುದೇ ಇಲ್ಲ. ನಕ್ಷೆಯನ್ನು ಮುಂಚಿತವಾಗಿಯೇ ಎರಡೆರಡಾಗಿ ಕತ್ತರಿಸುತ್ತ ಹೋಗಿ ಒಂದು ವೃಕ್ಷವಾಗಿ ಜೋಡಿಸಿಟ್ಟಿರುತ್ತಾರೆ. ಆಟಗಾರ ಎಲ್ಲಿ ನಿಂತಿದ್ದಾನೆ ಎಂದು ಗೊತ್ತಾದರೆ ಸಾಕು, ಯಾವ ಗೋಡೆ ಹತ್ತಿರ ಯಾವುದು ದೂರ ಎಂಬುದು ಆ ವೃಕ್ಷದ ಕೊಂಬೆ ಹಿಡಿದು ಹೋದಂತೆ ತಾನಾಗಿ ಸಿಗುತ್ತದೆ. ಹತ್ತಿರದ ಗೋಡೆ ಬರೆದಾದ ಮೇಲೆ ಅದರ ಹಿಂದಿನದನ್ನು ಬರೆಯುವ ಗೋಜೇ ಇಲ್ಲ. ಈ ವಿಧಾನ ಡೂಮ್‌ನ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಕಂಡುಹಿಡಿದದ್ದಲ್ಲ. 1980ರಲ್ಲಿ ಫುಕ್ಸ್, ಕೆಡೆಮ್, ನೇಲರ್ ಎಂಬ ಮೂವರು ಸಂಶೋಧಕರು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದ ಪ್ರಬಂಧದಲ್ಲಿ ಅದಿತ್ತು. ಬಯಲಿನಲ್ಲಿದ್ದ ಜ್ಞಾನವನ್ನು ಓದಿ ಅವರು ಆಟ ಬರೆದರು.

ಬಯಲಿನಿಂದ ಪಡೆದದ್ದನ್ನು ಅವರು ಬಯಲಿಗೇ ಹಿಂತಿರುಗಿಸಿದರು ಎಂಬುದು ನನಗೆ ಬಹಳ ಮೆಚ್ಚುಗೆಯ ಸಂಗತಿ. 1997ರ ಡಿಸೆಂಬರ್ 23ರಂದು, ಡೂಮ್‌ನ ಸೋರ್ಸ್ ಕೋಡನ್ನು ಬಿಡುಗಡೆ ಮಾಡಿದರು. ಮೊದಲು ವ್ಯಾಪಾರಕ್ಕೆ ಬಳಸಬಾರದೆಂಬ ಷರತ್ತಿತ್ತು. 1999ರಲ್ಲಿ ಜಿಪಿಎಲ್ ಆಯಿತು. ಆದರೆ ಆಗಿನ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಜನ ಆಡುತ್ತಿದ್ದ ಆವೃತ್ತಿಯ ಕೋಡನ್ನು ಅವರು ಕೊಡಲಾಗಲಿಲ್ಲ, ಲಿನಕ್ಸ್ ಆವೃತ್ತಿಯನ್ನಷ್ಟೇ ಕೊಟ್ಟರು. ಕಾರಣ, ಡಾಸ್ ಆವೃತ್ತಿಯಲ್ಲಿ ಸದ್ದು ಹೊರಡಿಸುವ ಭಾಗವನ್ನು ಬೇರೊಬ್ಬರಿಂದ ಕೊಂಡು ತಂದಿದ್ದರು, ಅದನ್ನು ಹಂಚುವ ಹಕ್ಕು ಇವರಿಗಿರಲಿಲ್ಲ. ರೌಟರಿನ ಕಥೆಯಲ್ಲೂ ಇದೇ ಆಯಿತು. ಉಳಿದೆಲ್ಲ ತೆರೆದರೂ ಬ್ರಾಡ್‌ಕಾಮಿನ ವೈಫೈ ಡ್ರೈವರ್ ಮುಚ್ಚಿಯೇ ಇತ್ತು, ಅದರ ದೆಸೆಯಿಂದ ಆ ಡಬ್ಬಿಗಳು ಬಹಳ ಕಾಲ ಲಿನಕ್ಸ್‌ನ ಹಳೆಯ ಆವೃತ್ತಿಗೇ ಕಟ್ಟುಬಿದ್ದಿದ್ದವು. ಒಂದು ವಸ್ತುವಿನಲ್ಲಿ ನೂರಕ್ಕೆ 99 ಪಾಲು ತೆರೆದಿದ್ದರೂ ಉಳಿದ ಒಂದು ಪಾಲಿನ ಯಜಮಾನ ಇಡೀ ವಸ್ತುವಿನ ಯಜಮಾನನಾಗುತ್ತಾನೆ. ಕೊಳ್ಳುವಾಗ ಇದನ್ನು ವಿಚಾರಿಸುವ ಅಭ್ಯಾಸ ನಮಗೆ ಬರಬೇಕು.

ಡೂಮ್ ಈಗ ಎಲ್ಲೆಲ್ಲಿ ಓಡುತ್ತದೆ ಎಂದರೆ, 2014ರಲ್ಲಿ ಭದ್ರತಾ ಸಂಶೋಧಕರೊಬ್ಬರು ಕ್ಯಾನನ್ ಪ್ರಿಂಟರಿನ ಪುಟ್ಟ ಪರದೆಯಲ್ಲಿ ಅದನ್ನು ಓಡಿಸಿ ತೋರಿಸಿದರು. ಜಾಲಕ್ಕೆ ಜೋಡಿಸಿದ ಆ ಪ್ರಿಂಟರಿನೊಳಕ್ಕೆ ಯಾರು ಬೇಕಾದರೂ ತಮ್ಮ ತಂತ್ರಾಂಶ ತುಂಬಬಹುದು ಎಂದು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ಡೂಮ್ ಬಂದ ಕಾಲದ ಇತರ ಎಷ್ಟೋ ಆಟಗಳು ಇವತ್ತು ಯಾವ ಯಂತ್ರದಲ್ಲೂ ನೇರವಾಗಿ ಓಡುವುದಿಲ್ಲ, ಅವುಗಳ ಕೋಡ್ ಯಾವ ಬೀರುವಿನಲ್ಲಿದೆಯೋ ಮಾಡಿದವರಿಗೇ ತಿಳಿಯದು. ಡೂಮ್‌ನ ಚಿತ್ರ, ನಕ್ಷೆ, ಸಂಗೀತ ಇನ್ನೂ ಕಂಪನಿಯ ಸ್ವತ್ತು. ಅದಕ್ಕಾಗಿ ಫ್ರೀಡೂಮ್ ಎಂಬ ತಂಡ ಎಲ್ಲ ಚಿತ್ರ, ನಕ್ಷೆ, ಸದ್ದುಗಳನ್ನೂ ಹೊಸದಾಗಿ ಮಾಡಿ ಹಂಚುತ್ತಿದೆ.

ಮೊದಲ ದಿನದಿಂದಲೇ ತೆರೆದ ಆಟಗಳೂ ಇವೆ. ಬ್ಯಾಟಲ್ ಫಾರ್ ವೆಸ್ನಾತ್ 2003ರಿಂದ ನಡೆಯುತ್ತಿದೆ. ಭರ್ಜಿ ಹಿಡಿದ ಸೈನಿಕನೊಬ್ಬನ ಬೆಲೆ ಎಷ್ಟು, ಅವನ ಪ್ರಾಣ ಎಷ್ಟು, ಕಾಡಿನಲ್ಲಿ ಎಷ್ಟು ಹೆಜ್ಜೆ ನಡೆಯಬಲ್ಲ ಎಂಬುದೆಲ್ಲ ಅದರಲ್ಲಿ ಸಾದಾ ಅಕ್ಷರದ ಕಡತಗಳಲ್ಲಿದೆ. ಹತ್ತು ಹನ್ನೆರಡರ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವರಿಗೆ ನನ್ನ ಸಲಹೆ ಇದು: ಆ ಕಡತ ತೆಗೆದು ತೋರಿಸಿ, ಒಂದು ಸಂಖ್ಯೆ ಬದಲಿಸಿ ಆಟ ಆಡಿಸಿ. ಕಂಪ್ಯೂಟರು ಹೇಳಿದಂತೆ ನಾವು ಕೇಳಬೇಕಿಲ್ಲ, ನಾವು ಹೇಳಿದಂತೆ ಅದು ಕೇಳುತ್ತದೆ ಎಂಬುದು ಆ ಕ್ಷಣಕ್ಕೆ ಮಗುವಿಗೆ ಗೊತ್ತಾಗುತ್ತದೆ. ಇತಿಹಾಸದ ಮೇಷ್ಟರಿಗೆ ಜೀರೋ ಎಡಿ ಎಂಬ ಆಟ ನೋಡಿ ಎನ್ನುತ್ತೇನೆ. ಪ್ರಾಚೀನ ಸಾಮ್ರಾಜ್ಯಗಳನ್ನು ಕಟ್ಟುವ ಆ ಮುಕ್ತ ಆಟದಲ್ಲಿ ಮೌರ್ಯರೂ ಇದ್ದಾರೆ, ಅವರ ಆನೆಗಳೂ ಇವೆ. ಮಸ್ಕಿ, ಬ್ರಹ್ಮಗಿರಿಗಳಲ್ಲಿ ಅಶೋಕನ ಶಾಸನ ಸಿಕ್ಕ ನಾಡಿನ ಮಕ್ಕಳು ಆ ಆಟಕ್ಕೊಂದು ಕರ್ನಾಟಕದ ನಕ್ಷೆ ಮಾಡಿ ಸೇರಿಸುವುದನ್ನು ತಡೆಯುವವರು ಯಾರೂ ಇಲ್ಲ.

ಈಗ ನಮ್ಮದೇ ಊರಿನ ಒಂದು ಗ್ಯಾಜೆಟ್ಟಿನ ವಿಷಯ. ಸಿಂಪ್ಯೂಟರ್ ಎಂಬ ಹೆಸರು ಇಲ್ಲಿರುವ ಎಳೆಯರಲ್ಲಿ ಬಹಳ ಮಂದಿ ಕೇಳಿರಲಾರರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಎಂಬ ಕಂಪನಿಯವರೂ ಸೇರಿ ಒಂದು ಟ್ರಸ್ಟ್ ಮಾಡಿಕೊಂಡು, 2001ರ ಏಪ್ರಿಲಿನಲ್ಲಿ ಅಂಗೈಯಲ್ಲಿ ಹಿಡಿಯುವ ಒಂದು ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದರು. ಒಳಗೆ ಲಿನಕ್ಸ್. ಬೆರಳಿಗೆ ಬದಲು ಕಡ್ಡಿಯಿಂದ ಮುಟ್ಟುವ ಪರದೆ. ಒಂದೇ ಸಾಧನವನ್ನು ಊರಿನ ಹಲವರು ಹಂಚಿಕೊಳ್ಳಲಿ ಎಂದು ಸ್ಮಾರ್ಟ್ ಕಾರ್ಡಿನ ಕಿಂಡಿ, ಅವರವರ ಕಾರ್ಡು ತೂರಿಸಿದರೆ ಅವರವರ ಮಾಹಿತಿ. ಓದಲು ಬಾರದವರಿಗೆ ಕನ್ನಡ, ಹಿಂದಿಗಳಲ್ಲಿ ಅದೇ ಓದಿ ಹೇಳುವ ವ್ಯವಸ್ಥೆ. ತಂತ್ರಾಂಶವಷ್ಟೇ ಏಕೆ, ಯಂತ್ರದ ವಿನ್ಯಾಸವನ್ನೂ ತೆರೆದಿಡುವ ಲೈಸೆನ್ಸೊಂದನ್ನು ಅವರು ಬರೆದಿದ್ದರು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಬಂದ ಮಾದರಿಯನ್ನು ಬಿಇಎಲ್ ತಯಾರಿಸಿತು. ಸಾಧನವನ್ನು ಕೈಯಲ್ಲೇ ವಾಲಿಸಿ ಪುಟ ಮಗುಚುವ ಸೌಲಭ್ಯ ಅದರಲ್ಲಿತ್ತು. ಐಫೋನ್ ಬಂದದ್ದು 2007ರಲ್ಲಿ.

ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಅಂದುಕೊಂಡಷ್ಟು ಸಂಖ್ಯೆಯಲ್ಲಿ ಕೊಳ್ಳುವವರು ಬರಲಿಲ್ಲ. ಸಂಖ್ಯೆ ಏರದೆ ಬೆಲೆ ಇಳಿಯಲಿಲ್ಲ, ಅಷ್ಟರಲ್ಲಿ ಅಗ್ಗದ ಮೊಬೈಲು ಹಳ್ಳಿ ಹಳ್ಳಿಗೆ ನುಗ್ಗಿತು. ಇದನ್ನು ಸೋಲೆಂದು ಬರೆದು ಮುಗಿಸುವವರು ಬಹಳ. ನಾನು ಒಪ್ಪುವುದಿಲ್ಲ, ಏಕೆಂದರೆ ಆ ಸಾಧನದೊಳಗಿನ ಧ್ವನಿ ಸಾಯಲಿಲ್ಲ. ಓದಿ ಹೇಳುವ ಆ ತಂತ್ರಾಂಶದ ಹೆಸರೇ ಧ್ವನಿ. ರಮೇಶ್ ಹರಿಹರನ್ ಅದನ್ನು ರೂಪಿಸಿದ್ದರು. ಅದರ ಕೋಡ್ ತೆರೆದಿದ್ದುದರಿಂದ ಮುಂದೆ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಇನ್ನಷ್ಟು ಭಾರತೀಯ ಭಾಷೆಗಳಿಗೆ ಹಿಗ್ಗಿಸಿದರು. ಬೆಂಗಳೂರಿನ ಯಂತ್ರ ನಿಂತ ಮೇಲೂ ಅದರ ಬಾಯಿ ಮಲಯಾಳಿಯೊಬ್ಬರ ಆರೈಕೆಯಲ್ಲಿ ಹಲವು ಭಾಷೆ ಮಾತಾಡಿತು.

ಓದಿ ಹೇಳುವ ತಂತ್ರಾಂಶ ಯಾರಿಗೆ ಎಷ್ಟು ಮುಖ್ಯ ಎಂಬುದನ್ನು ಕಣ್ಣು ಕಾಣದ ವಿದ್ಯಾರ್ಥಿಗಳ ಪಕ್ಕ ಕೂತು ನೋಡಿದವರಿಗೇ ಗೊತ್ತು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ಯುವಕ ಎನ್‌ವಿಡಿಎ ಎಂಬ ಪರದೆ ಓದುಗ ತಂತ್ರಾಂಶ ಬರೆಯಲು ಕೂತರು. ಅವರಂತೆಯೇ ದೃಷ್ಟಿಹೀನರಾದ ಜೇಮ್ಸ್ ಟೆ ಜೊತೆಗೂಡಿದರು. ಆಗ ಮಾರಾಟಕ್ಕಿದ್ದ ಪರದೆ ಓದುಗಗಳ ಬೆಲೆ ಕಂಪ್ಯೂಟರಿನ ಬೆಲೆಯನ್ನೇ ಮೀರಿಸುತ್ತಿತ್ತು. ಎನ್‌ವಿಡಿಎ ಜಿಪಿಎಲ್‌ನಲ್ಲಿ ಬಂತು. ಅದರ ಜೊತೆಗೇ ಬರುವ ಈಸ್ಪೀಕ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಂತ್ರದ್ದೇ, ಒರಟು. ಆದರೆ ಎಷ್ಟು ವೇಗ ಹೆಚ್ಚಿಸಿದರೂ ಅಕ್ಷರ ಕಲಸುವುದಿಲ್ಲ. ಹೊಸಬರಿಗೆ ಒಂದು ಪದವೂ ತಿಳಿಯದ ವೇಗದಲ್ಲಿ ಅಭ್ಯಾಸವಿದ್ದವರು ಪತ್ರಿಕೆ ಓದಿ ಮುಗಿಸುತ್ತಾರೆ. ಕನ್ನಡ ಓದುವ ಈ ಒರಟು ಬಾಯಿಯನ್ನು ನಯ ಮಾಡುವ ಕೆಲಸ ಹಾಗೆಯೇ ಬಿದ್ದಿದೆ. ಕನ್ನಡದ ಉಚ್ಚಾರ ಬಲ್ಲವರು ಬೇಕು, ಅಂಥವರು ಈ ಸಭೆಯಲ್ಲೇ ಇದ್ದಾರೆ.

ಕನ್ನಡದ ಅಕ್ಷರದ ವಿಚಾರಕ್ಕೆ ಬರದೆ ನನ್ನ ಮಾತು ಪೂರ್ತಿಯಾಗದು. ನಿಮ್ಮ ಮೊಬೈಲಿನಲ್ಲಿ ಸ್ತ್ರೀ ಎಂದು ಬರೆದರೆ ಒಳಗೆ ಉಳಿಯುವುದು ಆರು ಸಂಕೇತಗಳ ಸಾಲು: ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರದ ಚಿಹ್ನೆ. ಬಾಯಿ ನುಡಿಯುವ ಕ್ರಮ ಇದು. ಕೈ ಬರೆಯುವ ಕ್ರಮ ಬೇರೆ. ಮೊದಲು ಸಿ ಬರೆಯುತ್ತೇವೆ, ಕೆಳಗೆ ತ ಒತ್ತು, ಅದರ ಜೊತೆ ರ ಒತ್ತು, ಎಲ್ಲ ಆದ ಮೇಲೆ ಕೊನೆಗೊಂದು ದೀರ್ಘ. ಕೊನೆಯಲ್ಲಿ ನುಡಿಯುವ ಈಕಾರ ಎರಡು ಹೋಳಾಗಿ ಒಂದು ತಲೆಯ ಮೇಲೆ, ಇನ್ನೊಂದು ಬಾಲದಲ್ಲಿ. ಸೂರ್ಯ ಎಂಬಲ್ಲಿ ಮೊದಲು ನುಡಿಯುವ ರಕಾರ ಅರ್ಕಾವತ್ತಾಗಿ ಯಕಾರದ ಹಿಂದೆ ಹೋಗಿ ಕೂರುತ್ತದೆ. ಸಂಕೇತಗಳ ಆ ಸಾಲನ್ನು ಕೈ ಬರೆಯುವ ಈ ಚಿತ್ರವಾಗಿ ಮಾಡುವ ಕೆಲಸ ಎಷ್ಟು ಸೂಕ್ಷ್ಮವೆಂದು ಯೋಚಿಸಿ. ಆಂಡ್ರಾಯ್ಡ್ ಫೋನುಗಳಲ್ಲಿ, ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರುಗಳಲ್ಲಿ, ಲಿಬ್ರೆ ಆಫೀಸಿನಲ್ಲಿ ಇದನ್ನು ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಅದನ್ನು ಕಟ್ಟಿದವರಲ್ಲಿ ಮೊದಲಿಗರು ಇರಾನಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಬೆಹ್ದಾದ್ ಎಸ್ಫಹ್ಬೋದ್. ದುಬಾರಿ ಚಂದಾ ಕಟ್ಟಿ ಬಳಸುವ ಅಡೋಬಿಯ ಇನ್‌ಡಿಸೈನ್ ಕೂಡ ಈಗ ಇದನ್ನೇ ನೆಚ್ಚಿದೆ. ನಾವು ದಿನಾ ಕಾಣುವ ಕನ್ನಡವನ್ನು ಕನ್ನಡವಾಗಿ ಕಾಣಿಸುತ್ತಿರುವ ಈ ತಂತ್ರಾಂಶದ ಹೆಸರು ಕನ್ನಡಿಗರಿಗೆ ಗೊತ್ತಿರಬೇಕು.

ಇಂಥ ಸಂಕೇತಗಳ ವ್ಯವಸ್ಥೆ ಬರುವ ಮುಂಚಿನ ಸ್ಥಿತಿ ನೆನೆಸಿಕೊಳ್ಳಿ. ಡಿಟಿಪಿ ಅಂಗಡಿಗಳಲ್ಲಿ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿದ್ದವು. ಫಾಂಟು ಕಳೆದುಹೋದರೆ ಬರಹವೂ ಕಳೆದುಹೋದಂತೆಯೇ. ಸಂಘ ಸಂಸ್ಥೆಗಳ ಹಳೆಯ ಸ್ಮರಣ ಸಂಚಿಕೆಯ ಕಡತ ತೆರೆದರೆ ಪರದೆಯ ತುಂಬ ಇಂಗ್ಲಿಷಿನ ಅರ್ಥವಿಲ್ಲದ ಅಕ್ಷರಗಳು ಕಾಣುವುದು ಇದರಿಂದಲೇ. ಬರೆದವರು ಕನ್ನಡಿಗರು, ಬರೆದದ್ದು ಕನ್ನಡ, ಆದರೆ ಅದನ್ನು ಓದುವ ಹಕ್ಕು ಫಾಂಟು ಮಾರಿದವನ ಅಂಗಡಿಗೆ ಅಂಟಿಕೊಂಡಿತ್ತು. ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಗೊತ್ತುಮಾಡಿದ ಯೂನಿಕೋಡ್ ಈ ಗಂಟನ್ನು ಬಿಡಿಸಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಕನ್ನಡದ ಹವ್ಯಾಸಿಗಳು ಬರೆದು ತೆರೆದಿಟ್ಟಿದ್ದಾರೆ. ಇಂಥ ಉದಾರತೆ ನಮ್ಮಲ್ಲಿ ಹೊಸದಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಇಂದಿನ ಸರ್ಕಾರಿ ಕನ್ನಡ ಕೀಲಿಮಣೆಗೆ ಆಧಾರ. ಅದನ್ನವರು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರೂ ಕನ್ನಡ ತಂತ್ರಾಂಶದ ಬಗ್ಗೆ ಕೊನೆಯವರೆಗೂ ಕಾಳಜಿ ವಹಿಸಿ ಮಾತಾಡಿದರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ತೆರೆದಿಟ್ಟ ಮಾತ್ರಕ್ಕೆ ಏನೂ ಬಾಳುವುದಿಲ್ಲ, ನೋಡಿಕೊಳ್ಳುವ ಕೈ ಬೇಕು. ಲಿನಕ್ಸ್ ಜಗತ್ತಿನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಲಕರಣೆ ಇದೆ. ಪ್ರಪಂಚದ ಅಸಂಖ್ಯ ಸರ್ವರುಗಳಲ್ಲಿ ಇರುವ ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಸಂಬಳವಿಲ್ಲದೆ. ಅವರು ದಣಿದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಸಹಾಯಕ್ಕೆಂದು ಬಂದು, ಎರಡು ವರ್ಷಕ್ಕೂ ಮೇಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಕೂಡಿಸಿದರು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅದನ್ನು ಬಯಲಿಗೆಳೆದರು. ಅವರಿಗೆ ಸಿಕ್ಕ ಸುಳಿವು, ಸರ್ವರಿಗೆ ಲಾಗಿನ್ ಆಗಲು ಹಿಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು ಎಂಬುದಷ್ಟೇ. ಇಷ್ಟು ಸಣ್ಣದನ್ನು ಬಿಡದೆ ಬೆನ್ನುಹತ್ತಿದ ಅವರ ಸ್ವಭಾವ ದೊಡ್ಡ ಅನಾಹುತವನ್ನು ತಪ್ಪಿಸಿತು. ಕೋಡ್ ತೆರೆದಿದ್ದರಿಂದ ಅವರು ಹುಡುಕಲು ಸಾಧ್ಯವಾಯಿತು, ನಿಜ. ಒಬ್ಬರ ಹೆಗಲ ಮೇಲೆ ಲೋಕದ ಭಾರ ಬಿಟ್ಟು ಉಳಿದವರು ಸುಮ್ಮನಿದ್ದುದರಿಂದಲೇ ಕಳ್ಳ ಒಳಗೆ ಬಂದ ಎಂಬುದೂ ಅಷ್ಟೇ ನಿಜ.

ಇದರಲ್ಲಿ ನಮ್ಮ ಪಾಲಿನ ಕೆಲಸವಿದೆ. ಕೇಂದ್ರ ಸರ್ಕಾರ 2015ರಲ್ಲೇ ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮ ತೆರಿಗೆಯ ಹಣದಲ್ಲಿ ಮಾಡಿಸುವ 
ಪ್ರತಿಯೊಂದು ಕನ್ನಡ ತಂತ್ರಾಂಶ, ಫಾಂಟು, ನಿಘಂಟು, ಧ್ವನಿ ಭಂಡಾರವನ್ನು ಸೋರ್ಸ್ ಸಮೇತ, ಮುಕ್ತ ಲೈಸೆನ್ಸಿನಲ್ಲಿ ಪ್ರಕಟಿಸಬೇಕು. ಟೆಂಡರಿನಲ್ಲೇ ಆ ಷರತ್ತು ಇರಬೇಕು. ಗುತ್ತಿಗೆ ಹಿಡಿದ ಕಂಪನಿ ಮುಚ್ಚಿದರೂ ಕೆಲಸ ಮುಂದುವರಿಯಲು ಬೇರೆ ದಾರಿ ನನಗೆ ಕಾಣುತ್ತಿಲ್ಲ. ಕನ್ನಡ ಸಂಘಗಳು ತಮ್ಮ ನಿರ್ಣಯಗಳಲ್ಲಿ ಈ ಬೇಡಿಕೆಯನ್ನು ಸೇರಿಸಿ ಸರ್ಕಾರಕ್ಕೆ ಕಳಿಸಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.

ಎಳೆಯ ಗೆಳೆಯರಿಗೆ ನನ್ನ ಮನವಿ ಇನ್ನೂ ಸಣ್ಣದು. ಪ್ರೋಗ್ರಾಮಿಂಗ್ ಬರಬೇಕೆಂದೇನೂ ಇಲ್ಲ. ಫೋನಿನಲ್ಲಿ ಒಂದು ಒತ್ತಕ್ಷರ ತಪ್ಪು ಜಾಗದಲ್ಲಿ ಕೂತಿದ್ದರೆ, ಓದುವ ಧ್ವನಿ ಳಕಾರವನ್ನು ಲಕಾರ ಮಾಡಿದ್ದರೆ, ಅನುವಾದದ ಒಂದು ಪದ ಯಾರಿಗೂ ಅರ್ಥವಾಗದಂತಿದ್ದರೆ ಅದನ್ನು ಬೈದು ಮುಂದೆ ಹೋಗಬೇಡಿ. ಯಾವ ಫೋನು, ಯಾವ ಆವೃತ್ತಿ, ಏನು ಬರೆದಿರಿ, ಏನು ಕಾಣಿಸಿತು, ಏನು ಕಾಣಿಸಬೇಕಿತ್ತು ಎಂದು ಐದು ಸಾಲಿನಲ್ಲಿ ಬರೆದು, ಪರದೆಯ ಚಿತ್ರ ಜೋಡಿಸಿ, ಆ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ಕಳಿಸಿ. ಕನ್ನಡ ಬಾರದ ಆ ಎಂಜಿನಿಯರಿಗೆ ಯಾವುದು ಸರಿ ಎಂದು ಹೇಳಬಲ್ಲವರು ನೀವೇ. ಇವತ್ತು ಮನೆಗೆ ಹೋಗಿ ಅಂಥ ಒಂದು ಪತ್ರ ಬರೆಯಿರಿ.